ಅಪ್ಪ ತಂದ ಎರಡನೆಯ ಪಂಪು

ಮೊದಲಿಗೆ ನನ್ನ ಅಕ್ಷರಕ್ಕೂ ಮಾತಿಗೂ ಕ್ಷಮೆ ಕೇಳುತ್ತೇನೆ. ಇದು ಅಚ್ಚಾಗಿ ನಿಮ್ಮ ಕೈಗೆ ಬಂದರೆ ಅಕ್ಷರಗಳು ದುಂಡಗೆ ಕಾಣುತ್ತವೆ. ಅದು ಅಚ್ಚಿನವರ ಪುಣ್ಯ, ನನ್ನದಲ್ಲ. ನನ್ನ ಬರಹ ಕೋಳಿ ಕೆದರಿದ ಹಾಗಿದೆ ಎಂದು ಒಂಬತ್ತನೇ ಕ್ಲಾಸಿನ ಮಾಸ್ತರರು ಹೇಳಿದ್ದರು. ಕೋಳಿಗಾದರೂ ಕೆದರಿದಲ್ಲಿ ಒಂದು ಕಾಳು ಸಿಗುತ್ತದೆ. ನನಗೆ ಸಿಕ್ಕಿದ್ದೇನು ಎಂಬುದನ್ನು ಮುಂದೆ ಬರೆದಿದ್ದೇನೆ. ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ. ದಯವಿಟ್ಟು ಬೇರೆಯವರಿಗೆ ಗಟ್ಟಿಯಾಗಿ ಓದಿ ಹೇಳಬೇಡಿ. ಯಾಕೆಂದು ನಿಮಗೇ ತಿಳಿಯುತ್ತದೆ.

ನನ್ನ ಹೆಸರು ಹುಲಿಗೆಮ್ಮ. ಹುಲಿ ಹೆಸರಿನಲ್ಲಿ ಮಾತ್ರ. ಯಾರಾದರೂ ಮನೆಗೆ ಬಂದರೆ ಭತ್ತದ ಚೀಲಗಳ ಹಿಂದೆ ನಿಲ್ಲುವವಳು ನಾನು. ಒಂಬತ್ತನೇ ಕ್ಲಾಸಿನಲ್ಲಿ ಒಂದು ದಿನ ಎದ್ದು ನಿಂತು ಪಾಠ ಓದು ಎಂದರು. ಎದ್ದು ನಿಂತೆ. ಓದಲಿಲ್ಲ. ಗಂಟೆ ಹೊಡೆಯುವ ತನಕ ನಿಂತೇ ಇದ್ದೆ. ಮರುದಿನದಿಂದ ಶಾಲೆಗೆ ಹೋಗಲಿಲ್ಲ. ಬಾಯಿಂದ ಆಗದ್ದನ್ನು ಬರೆದು ತಿಳಿಸಿದರಾಯಿತು, ಬರಹ ನಿಧಾನವಾದರೂ ಮೋಸ ಮಾಡುವುದಿಲ್ಲ ಎಂದು ಅಂದುಕೊಂಡಿದ್ದೆ. ಆಗ ನನಗೆ ಹದಿನಾಲ್ಕು. ಈಗ ಹದಿನೇಳು. ಬುದ್ಧಿ ಬಂದದ್ದು ಹೋದ ತಿಂಗಳು.

ಜವಳಗೇರಾದ ಹತ್ತಿರ ಉಪಕಾಲುವೆಯ ಕೊನೆಯಲ್ಲಿ ನಮ್ಮದು ಮೂರು ಎಕರೆ ಗದ್ದೆ. ಎಲ್ಲರ ಗದ್ದೆಯೂ ಕಾಲುವೆಗಿಂತ ತಗ್ಗಿನಲ್ಲಿದೆ, ನಮ್ಮದು ಎತ್ತರದಲ್ಲಿದೆ. ಅವರಿಗೆ ನೀರು ತಾನಾಗಿ ಇಳಿಯುತ್ತದೆ, ನಾವು ಹತ್ತಿಸಬೇಕು. ಹತ್ತಿಸುವುದಕ್ಕೆ ಅಪ್ಪ ಎರಡು ವರ್ಷದ ಹಿಂದೆ ಸಿಂಧನೂರಿನಿಂದ ಡೀಸೆಲ್ ಎಂಜಿನ್ ತಂದ. ಅವ್ವನ ಎರಡು ಎಮ್ಮೆಗಳನ್ನು ಮಾರಿ ತಂದ. ಅಂದಿನಿಂದ ಅವ್ವ ಅದನ್ನು ಎಂಜಿನ್ ಎಂದು ಕರೆದಿಲ್ಲ. "ನನ್ನ ಸವತಿ" ಎಂದೇ ಕರೆಯುತ್ತಾಳೆ.

"ಎಮ್ಮಿ ಹುಲ್ಲು ತಿಂದು ಹಾಲು ಕೊಡ್ತಿತ್ತು. ಇದು ಡೀಸಲ್ ಕುಡದು ಹೊಗಿ ಕೊಡತೈತಿ," ಎನ್ನುತ್ತಾಳೆ.

"ಹೊಗಿ ಜತಿಗೆ ನೀರೂ ಕೊಡತೈತಲ್ಲ," ಎಂದು ಅಪ್ಪ ಅಂದರೆ, "ಎಮ್ಮಿ ಹಾಲಿಗೆ ನೀರು ನಾನಾ ಹಾಕ್ತಿದ್ನಿ ಬಿಡ್ರಿ," ಎಂದು ಮುಗಿಸುತ್ತಾಳೆ.

ನನಗೆ ಮಾತ್ರ ಆ ಎಂಜಿನ್ ಮೇಲೆ ಪ್ರೀತಿ. (ಇದನ್ನು ಅವ್ವನ ಮುಂದೆ ಹೇಳಿಲ್ಲ.) ಗದ್ದೆಯ ಶೆಡ್ಡಿನಲ್ಲಿ ಅದರ ಹತ್ತಿರ ಕೂತರೆ ಯಾರೂ ನನ್ನನ್ನು ಮಾತಾಡಿಸುವುದಿಲ್ಲ, ಮಾತಾಡಿಸಿದರೂ ಆ ಸದ್ದಿನಲ್ಲಿ ಕೇಳುವುದಿಲ್ಲ. ಇಂಥ ಸುಖ ಇನ್ನೆಲ್ಲಿದೆ? ದಿನಾ ಒರೆಸಿ, ಎಣ್ಣೆ ನೋಡಿ, ಬೆಲ್ಟು ಸರಿಪಡಿಸುವುದು ನನ್ನ ಕೆಲಸ.

ಈ ಬೇಸಿಗೆ ಬೆಳೆಗೆ ಹೀಗಾಯಿತು. ಲಿಂಗಸುಗೂರಿನಲ್ಲಿ ನನ್ನ ಚಿಕ್ಕವ್ವ ಹಡೆದಳು. ಬಾಣಂತನಕ್ಕೆಂದು ಅವ್ವ ಒಂದು ತಿಂಗಳು ತವರಿಗೆ ಹೊರಟಳು. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಅಪ್ಪನಿಗೆ ಹೇಳಿದಳು: "ಈ ಸಲ ಭತ್ತ ಒಣಗಿತಂದ್ರ ಆ ಸವತಿನ ಮಾರೋದು, ಎಮ್ಮಿ ತರೋದು. ಮಾತಂದ್ರ ಮಾತು."

ಎರಡನೇ ಕಾಲಿಟ್ಟು ನನಗೆ ಹೇಳಿದಳು: "ವಾರಕ್ಕೊಂದು ಕಾರ್ಡ್ ಬರಿಬೇ. ನಿಮ್ಮಪ್ಪ ಏನೇನು ಮಾಡ್ತಾನ ಒಂದೂ ಬಿಡಬಾರ್ದು."

ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಅಪ್ಪ ನನ್ನ ಪಕ್ಕಕ್ಕೆ ಬಂದ. "ಏನರ ಬರಿಯವ್ವ, ಎಂಜಿನ್ ಅನ್ನೋ ಶಬ್ದ ಮಾತ್ರ ಬರೀಬ್ಯಾಡ. ಅದನ್ನ ಕೇಳಿದ್ರ ನಿಮ್ಮವ್ವಗ ತಲಿ ತಿರಗತೈತಿ."

ನಾನು ಹಿರಿಯರ ಮಾತು ಮೀರುವವಳಲ್ಲ. ಇಬ್ಬರ ಮಾತನ್ನೂ ಪಾಲಿಸಬೇಕೆಂದು ಅಲ್ಲೇ ಗಟ್ಟಿ ಮಾಡಿಕೊಂಡೆ. ಎಲ್ಲ ಕೆಟ್ಟದ್ದು ಅಲ್ಲೇ.

ಅವ್ವ ಹೋದ ಎರಡನೇ ದಿನ ಅಪ್ಪನಿಗೆ ಒಂದು ವಿಚಾರ ಹೊಳೆಯಿತು. ಎಂಜಿನ್ ತಲೆಯ ಮೇಲೆ ಡೀಸೆಲ್ಲಿನ ಸಣ್ಣ ಟಾಕಿ ಇದೆ. ಅದನ್ನು ದಿನಕ್ಕೆ ನಾಲ್ಕು ಸಲ ತುಂಬಬೇಕು. ಅದರ ಬದಲು ಕೆಳಗೆ ದೊಡ್ಡ ಡ್ರಮ್ಮು ಇಟ್ಟು, ಹಳೆಯ ಲಾರಿಯಿಂದ ಬಿಚ್ಚಿದ ಪಂಪನ್ನು ಬೆಲ್ಟಿಗೆ ಜೋಡಿಸಿದರೆ ಡೀಸೆಲ್ ತಾನೇ ಮೇಲೆ ಹತ್ತುತ್ತದೆ, ತಾನು ಹಾಯಾಗಿ ಹೊರಸಿನ ಮೇಲೆ ಮಲಗಬಹುದು! (ಡಬ್ಬಿಯಿಂದ ಸುರಿದರೆ ಆಗುವುದಿಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಬೇಕೆಂದಿದ್ದೆ. ಬಾಯಿ ಬರಲಿಲ್ಲ.)

ಲಾರಿ ಪಂಪು ಮುದಿಯಾಗಿತ್ತು. ಅರ್ಧ ತಾಸು ಎಳೆಯುವುದು, ಆಮೇಲೆ ಎಲ್ಲಿಂದಲೋ ಗಾಳಿ ಎಳೆದುಕೊಂಡು ಗುರುಗುಟ್ಟುವುದು. ಡೀಸೆಲ್ ನಳಿಗೆಯೊಳಗೆ ಗಾಳಿ ಹೊಕ್ಕರೆ ಎಂಜಿನ್ ಕೆಮ್ಮಿ ಕೆಮ್ಮಿ ನಿಲ್ಲುತ್ತದೆ. ಇದಕ್ಕೆ ನಮ್ಮ ಕಡೆ "ಗಾಳಿ ಹಿಡಿದೈತಿ" ಎನ್ನುತ್ತಾರೆ. ಮನುಷ್ಯರಿಗೆ ದೆವ್ವ ಮೆಟ್ಟಿಕೊಂಡರೂ ಹಾಗೇ ಎನ್ನುತ್ತಾರೆ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಭತ್ತ ಹೊಡೆ ಒಡೆಯುವ ಹೊತ್ತು. ಕಾಲುವೆಗೆ ಐದು ದಿನ ನೀರು, ಆಮೇಲೆ ಹದಿನೈದು ದಿನ ಬಂದ್. ಆ ಐದು ದಿನ ಎಂಜಿನ್ ನಿಂತರೆ ಭತ್ತ ಜೊಳ್ಳು. ಭತ್ತ ಜೊಳ್ಳಾದರೆ ಎಂಜಿನ್ ಮಾರಾಟ. ಎಂಜಿನ್ ಮಾರಾಟವಾದರೆ ನಾನು ಮತ್ತೆ ಚೀಲಗಳ ಹಿಂದೆ. ಅಪ್ಪನಿಗಿಂತ ನಾನೇ ಹೆಚ್ಚು ಸಲ ಹೋಗಿ ನಳಿಗೆ ನೋಡಿ ಬರುತ್ತಿದ್ದೆ.

ಅಪ್ಪ ಆರ್.ಎಚ್. ಕ್ಯಾಂಪಿನಿಂದ ನಿತಾಯಿ ಕಾಕಾನನ್ನು ಕರೆತಂದ. ಅವರು ಬಂಗಾಲಿಗಳು, ಹುಡುಗರಾಗಿದ್ದಾಗ ನಿರಾಶ್ರಿತರಾಗಿ ಕ್ಯಾಂಪಿಗೆ ಬಂದವರು. ಸುತ್ತಲಿನ ಎಂಜಿನ್ನುಗಳಿಗೆಲ್ಲ ಅವರೇ ವೈದ್ಯರು. ಕಾಕಾ ಎಂಜಿನ್ ಸುತ್ತ ಒಂದು ಸುತ್ತು ಹಾಕಿ, ಡ್ರಮ್ಮಿಗೆ ಕಿವಿಗೊಟ್ಟು, ಬೀಡಿ ಹೊರಗೆಸೆದು ಬಂದು ಕೂತರು. ಅಪ್ಪನನ್ನು ಅವರು 'ಆದೆಪ್ಪದಾ' ಎನ್ನುತ್ತಾರೆ, ಅವರ ಕಡೆ 'ದಾ' ಎಂದರೆ ಅಣ್ಣ.

"ಆದೆಪ್ಪದಾ, ನಮ್ಮ ದೇಶದಾಗ ನಮ್ಮ ಮಾಮಾಂದು ಒಂದು ದೋಣಿ ಇತ್ತು. ಹಾಯಿ ದೋಣಿ. ಗಾಳಿ ಬೀಸಿದ್ರ ಹಾಯಿ, ಗಾಳಿ ನಿಂತ್ರ ಎಂಜಿನ್. ಆ ಎಂಜಿನ್‌ಗೆ ಡೀಸಲ್ ಪಂಪು ಒಂದಲ್ಲ, ಎರಡು. ಯಾಕ ಹೇಳು?"

"ಯಾಕ?"

"ನಡು ನೀರಾಗ ಒಂದು ಪಂಪು ಬಂದ್ ಆದ್ರ ಏನ್ ಮಾಡ್ತಿ? ಇಳದು ನೂಕ್ತೀಯೇನು?"

ಅಪ್ಪ ಯೋಚಿಸಿದ. "ನಮ್ದು ನದಿ ಅಲ್ಲಲ್ಲೋ ನಿತಾಯಿ, ಗದ್ದಿ."

"ನೀರು ಬರೋ ಐದು ದಿನ ನಿನಗೂ ಅದು ನದೀನಾ. ಎರಡನೇದು ಇಟ್ಕೋ. ಹಳೇದಿರಲಿ, ಬಾಜೂಕ ಹೊಸಾದಿರಲಿ. ಒಂದು ಕೈಕೊಟ್ರ ಇನ್ನೊಂದು."

ಅಪ್ಪ ಹಡಗು ನೋಡಿದ್ದು ಬೆಂಕಿಪೊಟ್ಟಣದ ಮೇಲೆ. ಆದರೂ ಅಂದಿನಿಂದ ಅವನ ನಡಿಗೆಯೇ ಬದಲಾಯಿತು. ಗದ್ದೆಯ ಬದುವಿನ ಮೇಲೆ ನಿಂತು ಹಣೆಗೆ ಕೈಹಚ್ಚಿ ದೂರ ನೋಡತೊಡಗಿದ. ನಿತಾಯಿ ಕಾಕಾ ಮರುದಿನ ಕ್ಯಾಂಪಿನಿಂದ ಒಂದು ಕೈಪಂಪು ತಂದರು. ಗೇಣುದ್ದದ ಹಿತ್ತಾಳೆಯದು, ಮೇಲೆ ಹಿಡಿಕೆ. ಹಿಡಿಕೆ ಒತ್ತಿದರೆ ಡ್ರಮ್ಮಿನ ಡೀಸೆಲ್ ಮೇಲಿನ ಟಾಕಿಗೆ ಏರುತ್ತದೆ. ಎರಡೂ ಪಂಪುಗಳನ್ನು ಅಕ್ಕಪಕ್ಕ ಕೂರಿಸಿ ನಡುವೆ ಒಂದು ವಾಲು ಹಾಕಿದರು. ಈ ಕಡೆ ತಿರುಗಿಸಿದರೆ ಹಳೆಯದು, ಆ ಕಡೆ ತಿರುಗಿಸಿದರೆ ಹೊಸದು. ಹಳೆಯದು ಕೈಕೊಟ್ಟಾಗ ಹೊಸದಕ್ಕೆ ನಾವು ಕೈ ಕೊಡಬೇಕು, ಅಷ್ಟೇ ವ್ಯತ್ಯಾಸ.

ಗಾಳಿ ಬಿಡಿಸುವುದನ್ನು ಕಾಕಾ ನನಗೇ ಕಲಿಸಿದರು. ಒಬ್ಬರು ಪಂಪು ಒತ್ತುತ್ತಿರಬೇಕು. ಇನ್ನೊಬ್ಬರು ಎಂಜಿನ್ ಬದಿಯ ಸಣ್ಣ ಸ್ಕ್ರೂ ಸಡಿಲಿಸಬೇಕು. ಗುಳ್ಳೆ ಗುಳ್ಳೆಯಾಗಿ ಬರುವ ಡೀಸೆಲ್ ಗುಳ್ಳೆಯಿಲ್ಲದೆ ಬರತೊಡಗಿದಾಗ ಬಿಗಿಯಬೇಕು. "ನೀ ಮಾತಾಡಂಗಿಲ್ಲ, ಅದಕ್ಕ ನಿನಗ ಗುಳ್ಳಿ ಸಪ್ಪಳ ಕೇಳಸ್ತೈತಿ," ಎಂದರು. ನನ್ನ ಮೌನವನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು.

ಕಣದ ಹೊಟ್ಟು ಹಾರಿ ಬಂದು ಹೊಸ ಪಂಪಿನ ಮೇಲೆ ಕೂರಬಾರದೆಂದು ಅವ್ವನ ಹಳೆಯ ಕೆಂಪು ಸೀರೆಯನ್ನು ಅದಕ್ಕೆ ಹೊದಿಸಿದೆ. ಆಮೇಲೆ ಕಾರ್ಡು ಬರೆಯಲು ಕೂತೆ.

ಎರಡು ತಾಸು ಬರೆದೆ. ಎಲ್ಲವನ್ನೂ ಬರೆಯಬೇಕು, ಎಂಜಿನ್ ಎಂದು ಬರೆಯಬಾರದು, ಕಾರ್ಡು ಅಂಗೈಯಗಲ. ಸಾಲುಗಳನ್ನು ಒತ್ತೊತ್ತಾಗಿ ಬರೆದೆ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಯ ಮೇಲೆ ಕೂತಿತು. ಬರೆದದ್ದು ಹೀಗೆ:

"ಅವ್ವನಿಗೆ ಹುಲಿಗೆಮ್ಮ ಮಾಡುವ ನಮಸ್ಕಾರ. ನಾವು ಕ್ಷೇಮ. ಅಪ್ಪ ಎರಡನೇ ಪಂಪು ತಂದಿದ್ದಾನೆ. ಕ್ಯಾಂಪಿನದು. ಹಳೆಯದಕ್ಕೆ ವಯಸ್ಸಾಗಿದೆ, ಮೇಲಿಂದ ಮೇಲೆ ಗಾಳಿ ಹಿಡಿಯುತ್ತದೆ, ಗುರುಗುಟ್ಟುತ್ತದೆ. ಆದರೂ ಅದನ್ನು ಬಿಡುವುದಿಲ್ಲವಂತೆ. ಎರಡನ್ನೂ ಒಂದೇ ಕಡೆ ಇಟ್ಟುಕೊಳ್ಳುತ್ತಾನಂತೆ, ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದು. ಹೊಸದು ಸಣ್ಣದು, ನೋಡಲು ಬಲು ಚಂದ. ನಿನ್ನ ಕೆಂಪು ಸೀರೆ ಅದಕ್ಕೇ ಹೊದಿಸಿದ್ದೇನೆ. ಅಪ್ಪ ಈಗ ಶೆಡ್ಡಿನಲ್ಲೇ ಮಲಗುತ್ತಾನೆ. ನೀನು ಚಿಂತೆ ಮಾಡಬೇಡ."

ನಾಲ್ಕು ಸಲ ಓದಿದೆ. ಒಂದು ತಪ್ಪೂ ಕಾಣಲಿಲ್ಲ. ನೀವೂ ಓದಿದಿರಲ್ಲ, ಏನಾದರೂ ಕಂಡಿತೇ?

ಅವ್ವನಿಗೆ ಓದು ಬರುವುದಿಲ್ಲ. ಲಿಂಗಸುಗೂರಿನ ಆ ಓಣಿಯ ಪತ್ರಗಳನ್ನೆಲ್ಲ ಓದಿ ಹೇಳುವವರು ಕರಿಬಸಯ್ಯನವರು. ವಯಸ್ಸಾದವರು, ಚಾಳೀಸಿನ ಒಂದು ಗಾಜು ಒಡೆದಿದೆ. ಕಟ್ಟೆಯ ಮೇಲೆ ಕೂತು, ಓಣಿಗೆಲ್ಲ ಕೇಳುವಂತೆ ಓದುತ್ತಾರೆ. ಅಲ್ಲಿ ಏನಾಯಿತೆಂದು ಅವ್ವ ಆಮೇಲೆ ನನಗೆ ಚೆನ್ನಾಗಿ ಹೇಳಿದಳು, ನಡುನಡುವೆ ತಲೆಗೊಂದು ಕೊಡುತ್ತ.

"ಅಪ್ಪ ಎರಡನೇ..." ಕರಿಬಸಯ್ಯನವರು ಕಾರ್ಡನ್ನು ಬಿಸಿಲಿಗೆ ಹಿಡಿದರು. "ಎರಡನೇ ಪಂಪಿ... ಪಂಪಿನ ತಂದಾನ."

ನನ್ನ 'ಪು'ವಿನ ಕೊಂಬು ಗಿಡ್ಡ. ಮೇಲಿನ ಸಾಲಿನಿಂದ ಇಳಿದ ಒತ್ತು ಅದರ ತಲೆಯ ಮೇಲೆ ಗುಡಿಸು ಕಟ್ಟಿತ್ತು. ನಮ್ಮ ಸೀಮೆಯಲ್ಲಿ ಓಣಿಗೆ ಇಬ್ಬರು ಪಂಪಣ್ಣ, ಮೂವರು ಪಂಪಮ್ಮ ಇದ್ದೇ ಇರುತ್ತಾರೆ. ಪಂಪಿ ಎಂದರೆ ಯಾರೂ ಹಿತ್ತಾಳೆಯನ್ನು ನೆನೆಯುವುದಿಲ್ಲ.

"ಯಾವ ಪಂಪಿ?" ಎಂದಳು ನನ್ನ ಅಜ್ಜಿ ಮುದುಕಮ್ಮ, ಅಂದರೆ ಅವ್ವನ ತಾಯಿ.

"ಕ್ಯಾಂಪಿನಾಕಿಯಂತ. ಹಳೇದಕ್ಕ ವಯಸಾಗೈತಂತ. ಗಾಳಿ ಹಿಡೀತೈತಂತ, ಗುರುಗುಡತೈತಂತ."

"ನನಗ? ಗಾಳಿ?" ಅವ್ವ ಎದ್ದು ನಿಂತಳು.

"ಸಮಾಧಾನ ತಂಗಿ. ಆದ್ರೂ ಬಿಡಂಗಿಲ್ಲ ಅಂದಾನ, ಛಲೋ ಮನಷ್ಯಾ," ಎಂದರು ಕರಿಬಸಯ್ಯನವರು. "ಇಬ್ರನ್ನೂ ಒಂದಾ ಕಡೆ ಇಟ್ಕೋತಾನಂತ."

"ಅಲ್ರೀ ಅಯ್ಯನೋರ, 'ಅದು ಇದು' ಅಂತ ಯಾಕ ಬರದಾಳ?" ಎಂದು ಚಿಕ್ಕವ್ವ ಒಳಗಿನಿಂದ ಕೇಳಿದಳಂತೆ. ಬಾಣಂತಿಯಾದರೂ ಆಕೆಯೊಬ್ಬಳೇ ಶಾಲೆ ಮುಗಿಸಿದವಳು.

"ಮಗಳಿಗೆ ಸಿಟ್ಟು ಬಂದೈತಿ. ಸವತಿ ತಾಯಿನ 'ಅವರು, ಇವರು' ಅಂತ ಬರೀತಾಳೇನು?"

ಕೆಂಪು ಸೀರೆಯ ಸಾಲು ಬರುವಷ್ಟರಲ್ಲಿ ಅವ್ವ ಕೈಚೀಲ ಹಿಡಿದು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಿದ್ದಳು. ಮಸ್ಕಿಯಲ್ಲಿ ಬಸ್ಸು ಚಹಾಕ್ಕೆ ನಿಂತಾಗ ಬಾಳೆಹಣ್ಣು ಮಾರುವ ಜುಬೇದಾಬೀ ಮುಂದೆ ಅತ್ತಳು. ಜುಬೇದಾಬೀ ಎರಡು ಹಣ್ಣು ಕೈಗಿಟ್ಟು, "ತಿಂದು ಹೋಗವ್ವ, ಹಸದ ಹೊಟ್ಟೀಲೆ ಜಗಳ ಸರಿಯಾಗಂಗಿಲ್ಲ," ಎಂದಳಂತೆ.

ನೀರು ಬಿಟ್ಟು ಮೂರನೇ ದಿನ, ಮಧ್ಯಾಹ್ನ. ಎಂಜಿನ್ ಜೋರಾಗಿ ಓಡುತ್ತಿತ್ತು. ಅಪ್ಪ ಹೊರಸಿನ ಮೇಲೆ ಮಲಗಿದ್ದ. ಅವನ ತಲೆದೆಸೆಯಲ್ಲಿ, ಕೆಂಪು ಸೀರೆಯ ಮುಸುಕು ಹಾಕಿಕೊಂಡು, ಹೊಸ ಪಂಪು ತಗ್ಗಿಸಿದ ತಲೆಯಲ್ಲಿ ಕೂತಿತ್ತು. ನಾನು ಬೆಲ್ಟಿನ ಹತ್ತಿರ ಇದ್ದೆ. ಬಾಗಿಲಲ್ಲಿ ಅವ್ವ. ಅವಳ ಹಿಂದೆ ಅರ್ಧ ಊರು.

ಎಂಜಿನ್ ಸದ್ದಿನಲ್ಲಿ ಏನೂ ಕೇಳುವುದಿಲ್ಲ ಎಂದೆನಲ್ಲ. ಅದು ಸುಖ ಎಂದೂ ಬರೆದೆ. ಆ ಮಾತನ್ನು ವಾಪಸು ತೆಗೆದುಕೊಳ್ಳುತ್ತೇನೆ.

"ಎಲ್ಲಿ ಆಕಿ?" ಅವ್ವ ಕೂಗಿದಳು.

"ಆಂ? ಯಾವಾಗ ಬಂದಿ?" ಅಪ್ಪ ದಡಬಡಿಸಿ ಎದ್ದ.

"ಪಂಪಿ ಎಲ್ಲಿ?"

"ಪಂಪೇನು? ಇಲ್ಲೇ ಐತಿ ನೋಡು!" ಅಪ್ಪ ಅಭಿಮಾನದಿಂದ ಮುಸುಕಿನ ಕಡೆ ಕೈ ತೋರಿಸಿದ. "ಭಾಳ ಛಲೋ ಐತಿ! ಕೈ ಹಚ್ಚಿದ್ರ ಸಾಕು!"

"ನಾಚಿಕಿ ಇಲ್ಲೇನು ನಿನಗ!" ಅವ್ವ "ರೀ" ಬಿಟ್ಟು ಮಾತಾಡಿದಳೆಂದರೆ ಭೂಮಿ ನಡುಗುವುದೊಂದು ಬಾಕಿ. "ನನ್ನ ಸೀರಿ ಉಡಿಸೀಯಲ್ಲೋ ಅದಕ್ಕ!"

ನಾನು "ಅವ್ವಾ, ಅದು ಪಂಪು" ಎಂದೆ. ಮೂರು ಸಲ ಅಂದೆ. ನನ್ನ ದನಿ ನನಗೇ ಕೇಳಲಿಲ್ಲ.

ಅವ್ವ ನುಗ್ಗಿ ಹೋಗಿ ಸೀರೆಯ ಸೆರಗು ಹಿಡಿದು ಒಂದೇ ಜಗ್ಗು ಜಗ್ಗಿದಳು. ಸೀರೆಯ ಇನ್ನೊಂದು ಅಂಚು ಗಾಳಿಗೆ ಹಾರಿ ಹಳೆಯ ಪಂಪಿನ ಬೆಲ್ಟಿಗೆ ಸಿಕ್ಕಿತು. ಪರ್ರ್ ಎಂದು ಆರು ಮೊಳ ಸುತ್ತಿಕೊಂಡು, ಬೆಲ್ಟು ಕಿತ್ತು, ನಳಿಗೆ ಕಳಚಿ, ಡೀಸೆಲ್ ಚಿಮ್ಮಿತು. ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು.

ಒಮ್ಮೆಲೇ ನಿಶ್ಶಬ್ದ. ಆ ನಿಶ್ಶಬ್ದದೊಳಗೆ, ಎಂಜಿನ್ನಿಗಿಂತ ಗಟ್ಟಿಯಾಗಿ ಕೂಗುತ್ತಿದ್ದ ಅಪ್ಪನ ಕೊನೆಯ ಮಾತು ಇಡೀ ಊರಿಗೆ ಕೇಳಿಸಿತು:

"ಎರಡೆರಡು ಇಟ್ಕೊಂಡ್ರ ನಿನಗೇನು ತ್ರಾಸು!"

ಎಲ್ಲರೂ ಮುಸುಕು ಕಳಚಿದ ಪಂಪಿಯನ್ನು ನೋಡುತ್ತಿದ್ದರು. ಅದು ಗೇಣುದ್ದ ಹಿತ್ತಾಳೆ. ಹೊಳೆಯುತ್ತಿತ್ತು.

"ಇದೇನಿದು?" ಎಂದಳು ಅವ್ವ ಸಣ್ಣ ದನಿಯಲ್ಲಿ.

"ಪಂಪು," ಎಂದ ಅಪ್ಪ ಇನ್ನೂ ಸಣ್ಣ ದನಿಯಲ್ಲಿ.

ಹಿಂದಿನಿಂದ ಯಾರೋ ಕಿಸಕ್ಕೆಂದರು. ಆದರೆ ನನಗೆ ನಗುವಷ್ಟು ಹೊತ್ತಿರಲಿಲ್ಲ. ಗದ್ದೆಗೆ ಹೋಗುವ ನೀರಿನ ಧಾರೆ ಸಣ್ಣಗಾಗಿ ನಿಂತಿತ್ತು. ಇನ್ನೆರಡು ದಿನದ ನೀರಷ್ಟೇ ಬಾಕಿ. ಕೆಳಗಿನ ಎರಡು ಮಡಿಗೆ ಇನ್ನೂ ನೀರು ಮುಟ್ಟಿರಲಿಲ್ಲ. ನಿತಾಯಿ ಕಾಕಾ ಸಿಂಧನೂರಿಗೆ ಹೋಗಿದ್ದರು. ಗಾಳಿ ಬಿಡಿಸುವುದು ಗೊತ್ತಿದ್ದದ್ದು ನನಗೊಬ್ಬಳಿಗೆ. ಮುಂದೆ ಐವತ್ತು ಜನ ನಿಂತಿದ್ದರು. ಒಂಬತ್ತನೇ ಕ್ಲಾಸಿನಲ್ಲೂ ಅಷ್ಟೇ ಜನ ಇದ್ದರು.

ವಾಲು ತಿರುಗಿಸಿದೆ. ಪಾನಾ ಹಿಡಿದು ಸ್ಕ್ರೂ ಹತ್ತಿರ ಕೂತೆ. ಒತ್ತುವವರು ಬೇಕಿತ್ತು. ಪಂಪಿನ ಹತ್ತಿರ ಇದ್ದವಳು ಅವ್ವ.

"ಅವ್ವಾ, ಒತ್ತು!" ಎಂದೆ.

ನನ್ನ ಬಾಯಿಂದ ಅಷ್ಟು ದೊಡ್ಡ ದನಿ ಬಂದದ್ದಕ್ಕೆ ಅವ್ವ ಬೆಚ್ಚಿ ಕೂತೇಬಿಟ್ಟಳು. "ಏನು? ಇದನ್ನ?"

"ಅದನ್ನಾ! ಜೋರು! ನಿಲ್ಲಸಬ್ಯಾಡ! ಅಪ್ಪಾ, ಹ್ಯಾಂಡ್ಲು ಹಿಡಕೋ!"

ಅವ್ವ ಒತ್ತಿದಳು. ಸ್ಕ್ರೂ ಸಂದಿಯಿಂದ ಗುಳ್ಳೆಗಳು ಬುಳುಬುಳು ಬಂದವು. ಬಂದವು, ಬಂದವು, ಸಣ್ಣಗಾದವು, ನಿಂತವು. ಬಿಗಿದೆ. ಅಪ್ಪ ಹ್ಯಾಂಡಲ್ ತಿರುವಿದ. ಮೊದಲ ಸಲ ಬರೀ ಹೊಗೆ. ಎರಡನೇ ಸಲ ಡುಗ್ ಎಂದಿತು. ಮೂರನೇ ಸಲ ಹಿಡಿಯಿತು. ನೀರು ಮತ್ತೆ ಗದ್ದೆಗೆ ಬಿತ್ತು.

ಹಳೆಯ ಪಂಪು ಪೂರ್ತಿ ಹೋಗಿತ್ತು. ಮುಂದಿನ ಎರಡು ದಿನ ಕೈಯಿಂದಲೇ ಒತ್ತಬೇಕಾಯಿತು. ಕೆಡಿಸಿದವಳು ತಾನೆಂದು ಅವ್ವ ಯಾರಿಗೂ ಆ ಹಿಡಿಕೆ ಬಿಟ್ಟುಕೊಡಲಿಲ್ಲ. ಅರ್ಧ ತಾಸಿಗೊಮ್ಮೆ ಕೂತು, ಸೆರಗು ಸಿಗಿಸಿ, ಐವತ್ತು ಒತ್ತು ಒತ್ತುತ್ತಿದ್ದಳು. "ಬಾರವ್ವ ಪಂಪಿ," ಎಂದು ಮಾತಾಡಿಸುತ್ತಲೂ ಇದ್ದಳು. ಐದನೇ ದಿನ ಎಲ್ಲ ಮಡಿಗೂ ನೀರು ಮುಟ್ಟಿತು. ಅವ್ವ ಬದುವಿನ ಮೇಲೆ ನಿಂತು ನೋಡಿ, "ಇರಲಿ, ಮಾರೂದು ಬ್ಯಾಡ," ಎಂದಳು. ನಾನು ಎಂಜಿನ್ ಹಿಂದೆ ಹೋಗಿ ಕಣ್ಣು ಒರೆಸಿಕೊಂಡೆ. (ಡೀಸೆಲ್ ಕೈ. ಇನ್ನೂ ಉರಿಯಿತು.)

ಆಮೇಲೆ ಅವ್ವ ತಿರುಗಿ ಕೇಳಿದಳು: "ಅಲ್ರೀ, ಡಬ್ಬಿಲೆ ಮ್ಯಾಲಿನ ಟಾಕಿಗೆ ಸುರುವಿದ್ರ ಆಗ್ತಿದ್ದಿಲ್ಲೇನು?"

ಅಪ್ಪ ಹಣೆಗೆ ಕೈಹಚ್ಚಿ ದೂರ ನೋಡಿದ. "ಕಸ ಬೀಳತೈತಿ."

"ಅರಿವಿ ಹಚ್ಚಿ ಸೋಸಿದ್ರ?"

ದೂರದಲ್ಲಿ ಯಾವ ಹಡಗೂ ಕಾಣಲಿಲ್ಲ. ಅಪ್ಪ ಮಾತ್ರ ನೋಡುತ್ತಲೇ ಇದ್ದ.

ಕಥೆ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಲಿಂಗಸುಗೂರಿನವರಿಗೆ ನಿಜ ತಿಳಿಸಬೇಕಲ್ಲ. "ಇನ್ನೊಂದು ಕಾರ್ಡ್ ಬರಿ," ಎಂದಳು ಅವ್ವ. "'ಪಂಪಿ ಇಲ್ಲ' ಅಂತ ಬರೀಬ್ಯಾಡ, ಮುಚ್ಚಿಡಾಕತ್ತಾರ ಅಂತಾರ. ಇದ್ದದ್ದು ಇದ್ದಂಗ ಬರಿ."

ಈ ಸಲ ಸಾಲು ದೂರ ದೂರ ಬರೆದೆ. ಆದ್ದರಿಂದ ಕೆಲವೇ ಮಾತು ಹಿಡಿಸಿದವು: "ಅದು 'ಪು', 'ಪಿ' ಅಲ್ಲ. ಅವ್ವ ನೋಡಿ ಸಮಾಧಾನವಾದಳು. ಅದು ಬಂದದ್ದೇ ಒಳ್ಳೆಯದಾಯಿತು ಎಂದಳು. ಎರಡು ದಿನ ತಾನೇ ಕೂತು ಒತ್ತಿದಳು. ಹಳೆಯದು ಇನ್ನು ಕೆಲಸಕ್ಕೆ ಬರುವುದಿಲ್ಲ. ಎಲ್ಲರೂ ಕ್ಷೇಮ."

ನಿನ್ನೆ ಲಿಂಗಸುಗೂರಿನ ಬಸ್ಸಿನ ಡ್ರೈವರ್ ಕೈಯಲ್ಲಿ ಒಂದು ಗಂಟು ಬಂತು. ಒಳಗೆ ಹಸಿರು ಖಣ, ಐದು ಕೊಬ್ಬರಿ ಬಟ್ಟಲು, ಕರಿಬಸಯ್ಯನವರ ಕೈಬರಹದಲ್ಲಿ ನನ್ನ ಅಜ್ಜಿಯ ಪತ್ರ. ಅವರ ಅಕ್ಷರ ಮುತ್ತಿನ ಹಾಗಿದೆ. ನಾನೇ ಓದಿದೆ:

"ಪಂಪಮ್ಮಗ ಆಶೀರ್ವಾದ. ಪೂ, ಪೀ ಏನಿದ್ರೂ ಇರಲಿ, ಮನಿಗೆ ಬಂದಾಕಿ ಮಗಳಿದ್ದಂಗ. ನನ್ನ ಮಗಳು ಕನಕಿ ಸಿಟ್ಟಿನಾಕಿ ಆದ್ರೂ ಮನಸು ಒಳ್ಳೇದು. ಎರಡು ದಿನ ನಿನ್ನ ಕಾಲು ಒತ್ತ್ಯಾಳಂದ್ರ ನೀ ತಿಳ್ಕೋಬೇಕು. ಹಿರೇರ ಕೈಲೆ ಕಾಲು ಒತ್ತಿಸಿಕೋಬಾರ್ದವ್ವ. ಆಕಿಗೆ ಈಗ ಕೆಲಸ ಆಗಂಗಿಲ್ಲಂತ, ನೀನಾ ನೋಡ್ಕೊಂಡು ಹೋಗು. ಖಣ ಹೊಲಿಸಿಕೋ."

ಅವ್ವ ಖಣವನ್ನು ಬಿಡಿಸಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಅವ್ವಾ, ಇನ್ನೊಂದು ಕಾರ್ಡು..." ಎಂದೆ.

"ಇನ್ನೊಂದು ಕಾರ್ಡ್ ಬರದೀ ಅಂದ್ರ ನಮ್ಮವ್ವ ತೊಟ್ಟಲಾ ಕಳಿಸ್ತಾಳ," ಎಂದಳು ಅವ್ವ. "ಪೆನ್ನು ಇಲ್ಲಿ ಕೊಡು. ನೀನಾ ಹೋಗು. ಕಟ್ಟಿ ಮ್ಯಾಲೆ ನಿಂತು, ಓಣಿ ಮಂದಿಗೆಲ್ಲ ಕೇಳೂವಂಗ ಬಾಯಿಲೆ ಹೇಳಿ ಬಾ."

ಬಾಯಿಂದ ಹೇಳುವುದು ತಪ್ಪಲಿ ಎಂದು ಶಾಲೆ ಬಿಟ್ಟವಳು ನಾನು. ಅಪ್ಪನ ಕಡೆ ನೋಡಿದೆ. ಅಪ್ಪ ದೂರ ನೋಡುತ್ತಿದ್ದ.

ಹಸಿರು ಖಣವನ್ನು ಡೀಸೆಲ್ ಸೋಸಲು ಡಬ್ಬಿಯ ಬಾಯಿಗೆ ಕಟ್ಟಿದ್ದೇನೆ. ಪೆನ್ನು ಅವ್ವನ ಟ್ರಂಕಿನಲ್ಲಿದೆ, ಇದನ್ನು ಪೆನ್ಸಿಲಿನಲ್ಲಿ ಬರೆದಿದ್ದೇನೆ. ನಾಳೆ ಬೆಳಿಗ್ಗೆ ಏಳು ಗಂಟೆಯ ಬಸ್ಸಿಗೆ, ಹಿತ್ತಾಳೆಯ ಪಂಪನ್ನು ಬಿಚ್ಚಿ ಚೀಲದಲ್ಲಿ ಹಾಕಿಕೊಂಡು, ಲಿಂಗಸುಗೂರಿಗೆ ಹೋಗುತ್ತೇನೆ.